ಫುನಾಬೊರಿಯ ಎರಡು ಮನವಿಗಳು

ಟೋಕಿಯೊದ ಫುನಾಬೊರಿ ಸ್ಟೇಷನ್ನಿನ ಮುಂದೆ ಮುಕುಂದ ಕರಪತ್ರ ಹಿಡಿದು ನಿಂತಿದ್ದಾರೆ ಎಂಬ ಸುದ್ದಿ ಪಕ್ಕದ ನಿಶಿ ಕಸಾಯಿಯ ಕನ್ನಡದವರಿಗೆ ತಲುಪಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಯಾರೋ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ್ದರು. ನೀಲಿ ಜಾಕೆಟ್ಟು, ತಲೆಗೆ ಟೋಪಿ, ಕೈಯಲ್ಲಿ ಸಹಿ ಹಾಕಿಸುವ ಹಲಗೆ. ಪಕ್ಕದಲ್ಲಿ ವಯಸ್ಸಾದ ಜಪಾನಿ ಹೆಂಗಸೊಬ್ಬರು. ಹಿಂದಿನ ಬ್ಯಾನರಿನಲ್ಲಿ ದೊಡ್ಡ ಅಕ್ಷರಗಳಲ್ಲಿ, ಅಕ್ರಮವಾಗಿ ಉಳಿದ ವಿದೇಶಿಯರ ವಿರುದ್ಧ ಟೋಕಿಯೊಗೆ ತನ್ನದೇ ಬಿಗಿಯಾದ ಕಾನೂನು ಬೇಕು ಎಂದು ಬರೆದಿತ್ತು. ಆ ವಾಟ್ಸಾಪ್ ಗುಂಪಿನಲ್ಲಿದ್ದವರೆಲ್ಲ ನಮ್ಮಂಥ ವಿದೇಶಿಯರೇ. ಬೇರೆ ದಿನ ಒಂದು ಫೋಟೊ ಬಿದ್ದರೆ ಸಾಲುಸಾಲಾಗಿ ಮಾತು ಬರುತ್ತಿತ್ತು. ಅವತ್ತು ಎಲ್ಲರೂ ನೋಡಿ ಸುಮ್ಮನಾದರು.

ಮುಕುಂದರನ್ನು ಬಲ್ಲವರಿಗೆ ಅದು ನಂಬಲಾಗದ ಸಂಗತಿಯೇನೂ ಆಗಿರಲಿಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದವರು, ಬ್ಯಾಂಕಿನ ಸಾಫ್ಟ್‌ವೇರ್ ಕೆಲಸಕ್ಕೆಂದು ಕಂಪನಿ ಕಳಿಸಿದಾಗ ಬಂದು ಇಲ್ಲೇ ನಿಂತವರು. ನಿಯಮವೆಂದರೆ ಅವರಿಗೆ ಒಂದು ಬಗೆಯ ಅಕ್ಕರೆ. ಊರಿನಿಂದ ಹೊಸದಾಗಿ ಬಂದ ಸಂಸಾರಗಳಿಗೆ ಕಸ ವಿಂಗಡಿಸುವುದನ್ನು ಕಲಿಸುತ್ತಿದ್ದವರು ಅವರೇ. ಬಾಟಲಿಯ ಮುಚ್ಚಳ ಬೇರೆ, ಅದರ ಮೇಲಿನ ಕಾಗದ ಬೇರೆ, ಬಾಟಲಿ ತೊಳೆದು ಬೇರೆ ಎಂದು ಬಾಗಿಲಲ್ಲೇ ನಿಂತು ತೋರಿಸುತ್ತಿದ್ದರು. ವಾರ್ಡ್ ಕಚೇರಿಗೆ ಜೊತೆಯಲ್ಲಿ ಹೋಗಿ ವಿಳಾಸ ನೋಂದಾಯಿಸಿ ಕೊಡುತ್ತಿದ್ದರು. ವೀಸಾ ನವೀಕರಣ ಮರೆತೆ ಎಂದು ಯಾರಾದರೂ ಹಗುರವಾಗಿ ಹೇಳಿದರೆ ಮಾತ್ರ ಅವರ ಮುಖ ಗಂಟಾಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಅವರು ಜಪಾನಿನ ಪೌರತ್ವ ಪಡೆದರು. ಮಗಳು ಜಾಹ್ನವಿಯನ್ನೂ ತಮ್ಮ ಜೊತೆಗೇ ಸೇರಿಸಿಕೊಂಡರು. ಹೆಂಡತಿ ಮಾಲತಿ ಮಾತ್ರ ಒಪ್ಪಲಿಲ್ಲ. ಇಲ್ಲೇ ಬದುಕುತ್ತೇನೆ, ಆದರೆ ನನ್ನ ಪಾಸ್‌ಪೋರ್ಟ್ ಕೊಟ್ಟುಬಿಡಲು ನನ್ನ ಕೈಲಾಗುವುದಿಲ್ಲ ಎಂದು ಅವರು ಕಾಯಂ ವಾಸದ ಕಾರ್ಡಿನಲ್ಲೇ ಉಳಿದರು. ಮುಕುಂದರು ಯಾಕೆ ಜಪಾನಿ ಆಗಬೇಕು ಎಂಬುದನ್ನು ತಮ್ಮ ಕೈಬರಹದಲ್ಲೇ ಜಪಾನಿಯಲ್ಲಿ ಬರೆದುಕೊಡಬೇಕಿತ್ತು. ಅಧಿಕಾರಿ ಎಷ್ಟೋ ಪ್ರಶ್ನೆ ಕೇಳಿದರು. ಒಂದು ದಿನ ಮನೆಗೂ ಬಂದು ಕೂತರು. ಎಲ್ಲ ಮುಗಿದು ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಬಂದ ದಿನ ಅವರು ಕಚೇರಿಗೆ ಹೋಗದೆ ಶಿನ್‌ಕಾವಾ ಹೊಳೆಯ ದಂಡೆಯಲ್ಲಿ ಸಂಜೆಯವರೆಗೂ ಕೂತಿದ್ದರೆಂದು ಮಾಲತಿ ನನಗೆ ಹೇಳಿದ್ದುಂಟು. ಮಾರನೆಯ ದಿನದಿಂದ ಅವರು ನೆರೆಹೊರೆ ಸಂಘದ ಸಭೆಗಳಿಗೆ ತಪ್ಪದೆ ಹೋಗತೊಡಗಿದರು. ಭೂಕಂಪದ ತಾಲೀಮು ನಡೆಸುವ ಹೊಣೆ ಹೊತ್ತರು. ಇಷ್ಟು ಕೊಟ್ಟು ಪಡೆದ ಊರನ್ನು ಕಾಯಬೇಕೆಂಬ ಭಾವ ಅವರಲ್ಲಿತ್ತು.

ಆ ಸಂಘದಲ್ಲೇ ಅವರಿಗೆ ಒಕುಯಾಮಾ ಫುಮಿಯೆ ಹತ್ತಿರವಾದದ್ದು. ಎಪ್ಪತ್ತು ದಾಟಿದ ಆಕೆ ಪಕ್ಕದ ಬೀದಿಯವರು. ಗಂಡ ಶಿಗೇರು ಜೊತೆ ಬಹಳ ಕಾಲ ಹಾಸಿಗೆ ಅಂಗಡಿ ನಡೆಸಿದವರು. ಮುಕುಂದರ ಜಪಾನಿಯಲ್ಲಿನ ಕಚೇರಿಯ ಬಿಗುವನ್ನು ತಿದ್ದಿ ಬೀದಿಯ ಮಾತು ಕಲಿಸಿದವರು ಆಕೆಯೇ. ಅಲ್ಲಿನ ರೂಢಿಯಂತೆ ಹೆಸರಿಗೆ ಗೌರವದ ಸಾನ್ ಸೇರಿಸಿ ಫುಮಿಯೆ ಸಾನ್ ಎಂದೇ ಎಲ್ಲರೂ ಆಕೆಯನ್ನು ಕರೆಯುತ್ತಿದ್ದರು. ಹಬ್ಬಕ್ಕೆ ಮಾಲತಿ ಚಿತ್ರಾನ್ನ ಕಳಿಸಿದರೆ ಆ ಡಬ್ಬಿಯನ್ನು ಖಾಲಿ ವಾಪಸು ಕಳಿಸುತ್ತಿರಲಿಲ್ಲ.

ಒಂದು ಶರತ್ಕಾಲದ ಮಧ್ಯಾಹ್ನ ಶಿಗೇರು ಸಾನ್ ಸೈಕಲ್ಲಿನಲ್ಲಿ ಬರುತ್ತಿದ್ದಾಗ ಹಳೆ ಮನೆ ಕೆಡವುವ ಕೆಲಸದ ಸಣ್ಣ ಲಾರಿಯೊಂದು ತಿರುವಿನಲ್ಲಿ ಬಂದು ಹೊಡೆಯಿತು. ಓಡಿಸುತ್ತಿದ್ದವನು ವಿದೇಶಿ ಯುವಕ. ಲಾರಿಯನ್ನು ಅಲ್ಲೇ ಬಿಟ್ಟು ಓಡಿಹೋದ. ಅವನಿಗೆ ಲೈಸೆನ್ಸೂ ಇರಲಿಲ್ಲ, ವಾಸದ ಅವಧಿಯೂ ಮುಗಿದಿತ್ತು ಎಂದು ಪೊಲೀಸರು ಆಮೇಲೆ ಹೇಳಿದರು. ಯಾವ ದೇಶದವನೆಂಬುದು ಒಕುಯಾಮಾ ದಂಪತಿಗೆ ಕೊನೆಗೂ ತಿಳಿಯಲಿಲ್ಲ. ಕೆಲಸ ಮಾಡಿಸುತ್ತಿದ್ದ ಗುತ್ತಿಗೆದಾರ, ಅವನು ನಮ್ಮವನಲ್ಲ, ಕೆಳಗಿನ ಗುತ್ತಿಗೆಯವರು ಕಳಿಸಿದವನು ಎಂದ. ಕೆಳಗಿನ ಗುತ್ತಿಗೆಯ ಕಂಪನಿ ಅಷ್ಟರಲ್ಲಿ ಬಾಗಿಲು ಹಾಕಿತ್ತು. ಶಿಗೇರು ಸಾನ್‌ಗೆ ಸೊಂಟದ ಮೂಳೆ ಮುರಿದು, ಊರುಗೋಲಿಲ್ಲದೆ ನಡೆಯಲಾಗದ ಸ್ಥಿತಿ ಬಂತು. ಫುಮಿಯೆ ಸಾನ್‌ಗೆ ಎಲ್ಲಕ್ಕಿಂತ ನೋವಾದದ್ದು ಯಾರೊಬ್ಬರೂ ಆಸ್ಪತ್ರೆಗೆ ಬಂದು ತಲೆಬಾಗಿಸಿ ಕ್ಷಮೆ ಕೇಳಲಿಲ್ಲ ಎನ್ನುವುದು.

ಆಕೆ ಅತ್ತು ಕೂರುವ ಹೆಂಗಸಲ್ಲ. ಟೋಕಿಯೊ ವಿಧಾನಸಭೆಗೆ ಜನರು ಮನವಿ ಸಲ್ಲಿಸಬಹುದು ಎಂದು ತಿಳಿದುಕೊಂಡು ಬಂದು, ಬರೆಯಲು ನೆರವಾಗಿ ಎಂದು ಮುಕುಂದರನ್ನು ಕೇಳಿದರು. ಇಬ್ಬರೂ ಹಲವು ಶನಿವಾರ ಕೂತು ಬರೆದರು. ಯಾವ ಕಂಪನಿಯಾಗಲಿ ವಿದೇಶಿಯನ್ನು ಕೆಲಸಕ್ಕೆ ಹಚ್ಚುವ ಮೊದಲು, ಸರ್ಕಾರ ವಿದೇಶಿಯರಿಗಷ್ಟೇ ಕೊಡುವ ವಾಸದ ಕಾರ್ಡ್ ನೋಡಲೇಬೇಕು. ಮನೆ ಬಾಡಿಗೆಗೆ ಕೊಡುವವರೂ ನೋಡಬೇಕು. ಅನುಮಾನ ಬಂದರೆ ತಿಳಿಸಬೇಕು. ತಪ್ಪಿದರೆ ಅವರ ಹೆಸರನ್ನು ಬಹಿರಂಗಪಡಿಸಬೇಕು. ಬಾಡಿಗೆಯ ಮಾತನ್ನು ಸೇರಿಸಿದವರು ಮುಕುಂದರೇ. ಉಳಿಯಲು ಸೂರು ಸಿಗದಿದ್ದರೆ ಅಕ್ರಮ ತಾನಾಗಿ ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಮನವಿಯ ಕೆಳಗೆ ಇಬ್ಬರ ಹೆಸರೂ ಮುಂದಾಳುಗಳೆಂದು ಬಿತ್ತು.

ಮಾಲತಿ ಓದಿ ಮಡಚಿ ತಿರುಗಿ ಕೊಟ್ಟರು. ನಿಶಿ ಕಸಾಯಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಹೃಷಿಕೇಶ ಮಾತ್ರ ಎದುರೇ ಕೇಳಿಬಿಟ್ಟ, ನಿಮಗೆ ಇದೆಲ್ಲ ಯಾಕೆ ಸಾರ್ ಎಂದು. ಮುಕುಂದರು ಅಲ್ಲೇ ನಿಂತು ವಿವರಿಸಿದರು. ಕಳ್ಳದಾರಿಯಲ್ಲಿ ಉಳಿದವರಿಂದ ಸರಿದಾರಿಯಲ್ಲಿ ಬಂದ ನಮಗೇ ಕೆಟ್ಟ ಹೆಸರು, ಬಿಗಿಯಾದ ಕಾನೂನು ಬಂದರೆ ಉಪಕಾರವಾಗುವುದು ನಮಗೇ ಎಂದರು. ಅಂಗಡಿಯಲ್ಲಿದ್ದ ಒಂದಿಬ್ಬರು ತಲೆಯಾಡಿಸಿದ್ದೂ ನಿಜ. ವಿದೇಶಿಯರೂ ಇಂಥ ಮನವಿಗೆ ಸಹಿ ಹಾಕಬಹುದೆಂದು ಗೊತ್ತಾದ ಮೇಲೆ ಅವರಲ್ಲಿ ಒಬ್ಬರು ಹಾಕಿಯೂ ಹಾಕಿದರು.

ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜಾಹ್ನವಿಗೆ ಸುದ್ದಿ ತಲುಪಿದಾಗ ಅವಳು ಫೋನ್ ಮಾಡಿದಳು. ಮನೆಯಲ್ಲಿ ಸಾಮಾನ್ಯವಾಗಿ ಇಂಗ್ಲಿಷೋ ಜಪಾನಿಯೋ ಆಡುವ ಹುಡುಗಿ ಅವತ್ತು ತಡವರಿಸುತ್ತಾ ಕನ್ನಡದಲ್ಲೇ ಮಾತಾಡಿದಳು.

“ಅಪ್ಪಾ, ಯಾರು ವಿದೇಶಿ ಅಂತ ಅವ್ರಿಗೆ ಹೇಗೆ ಗೊತ್ತಾಗತ್ತೆ? ಫೇಸ್ ನೋಡಿ ತಾನೆ?”

“ಕಾರ್ಡ್ ನೋಡಿ ಗೊತ್ತಾಗತ್ತಮ್ಮ. ಸರಿಯಾಗಿ ಇರೋರಿಗೆ ಏನು ಭಯ?” ಎಂದರು ಮುಕುಂದರು.

ಮಗಳು ಇನ್ನೇನೋ ಹೇಳಹೊರಟು ನಿಲ್ಲಿಸಿದಳು. ಅವಳಿಗೆ ಕನ್ನಡ ಸಾಲಲಿಲ್ಲವೋ, ಅಪ್ಪನಿಗೆ ಹೇಳಿ ಫಲವಿಲ್ಲ ಅನ್ನಿಸಿತೋ ತಿಳಿಯದು.

ಸಹಿಗಳು ಬಂದವು, ಅವರು ಎಣಿಸಿದ್ದಕ್ಕಿಂತ ಹೆಚ್ಚೇ ಬಂದವು. ಬಹಳ ಜನ ಶಿಗೇರು ಸಾನ್‌ಗೆ ಆದದ್ದನ್ನು ಕೇಳಿ ಮರುಗಿ ಹಾಕಿದರು. ಎಲ್ಲರೂ ಹಾಗಲ್ಲ. ಒಂದು ಭಾನುವಾರ ಮಧ್ಯವಯಸ್ಸಿನ ಗಂಡಸೊಬ್ಬ ಉತ್ಸಾಹದಿಂದ ಸಹಿ ಮಾಡಿ, ವಿದೇಶಿಯರೆಲ್ಲ ಹೋದರೆ ದೇಶ ಮೊದಲಿನಂತಾಗುತ್ತದೆ ಎಂದ. ಆಮೇಲೆ ಮುಖ ಎತ್ತಿ ಮುಕುಂದರನ್ನು ನೋಡಿ, ನಿಮ್ಮ ಜಪಾನಿ ಬಹಳ ಚೆನ್ನಾಗಿದೆ, ನಿಮ್ಮ ದೇಶಕ್ಕೆ ಹಿಂತಿರುಗುವುದು ಯಾವಾಗ ಎಂದು ವಿನಯವಾಗಿಯೇ ಕೇಳಿದ. ಮುಕುಂದರು ಅರಿಗಾತೋ ಎಂದು ಧನ್ಯವಾದ ಹೇಳಿ ಹಲಗೆಯನ್ನು ಹಿಂದಕ್ಕೆ ಪಡೆದರು. ಫುಮಿಯೆ ಸಾನ್ ಆ ಮನುಷ್ಯನ ಬೆನ್ನಿಗೆ ಏನೋ ಗೊಣಗಿದರು. ಆದರೆ ಆ ಸಹಿಯೂ ಮನವಿಯಲ್ಲಿ ಉಳಿಯಿತು.

ಚಳಿಗಾಲ ಕಳೆಯುವ ಹೊತ್ತಿಗೆ ಜಾಹ್ನವಿ ಹಾಸ್ಟೆಲ್ ಬಿಟ್ಟು ಬೇರೆ ಕೋಣೆ ನೋಡಬೇಕಾಯಿತು. ಮುಕುಂದರು ತ್ಸುಕುಬಾಗೆ ಹೋದರು. ವಿಶ್ವವಿದ್ಯಾಲಯದ ಹತ್ತಿರ, ಸೈಕಲ್ಲಿನಲ್ಲಿ ಹೋಗಿಬರಬಹುದಾದ ಕಡೆ, ಬೆಳಕು ಚೆನ್ನಾಗಿದ್ದ ಒಂದು ಕೋಣೆ ಇಬ್ಬರಿಗೂ ಹಿಡಿಸಿತು. ಬಾಡಿಗೆ ಮನೆ ಹುಡುಕಿಕೊಡುವ ಆ ಕಚೇರಿಯಲ್ಲಿ ಎದುರು ಕೂತಿದ್ದ ಹೆಣ್ಣುಮಗಳು ಚುರುಕು, ನಗುಮುಖ. ಎಲ್ಲ ಬರೆದುಕೊಂಡು ಕೊನೆಗೆ, ಸುಮಿಮಾಸೆನ್, ಕ್ಷಮಿಸಿ, ನಿಮ್ಮಿಬ್ಬರ ವಾಸದ ಕಾರ್ಡ್ ಕೊಡಿ ಎಂದಳು.

ಮುಕುಂದರು, ನಮಗೆ ಅದು ಇಲ್ಲ, ನಾವು ಜಪಾನಿನ ಪ್ರಜೆಗಳು ಎಂದರು. ಅವಳು ಹೌದೇ ಎಂದು ತಲೆಬಾಗಿಸಿ, ಹಾಗಾದರೆ ಅದನ್ನು ತೋರಿಸುವಂಥದ್ದು ಏನಾದರೂ ಇದೆಯೇ ಎಂದು ಕೇಳಿದಳು. ಅವರು ಡ್ರೈವಿಂಗ್ ಲೈಸೆನ್ಸ್ ಕೊಟ್ಟರು. ಜಪಾನಿನ ಲೈಸೆನ್ಸಿನ ಮೇಲೆ ಯಾವ ದೇಶದ ಪ್ರಜೆ ಎಂದು ಬರೆದಿರುವುದಿಲ್ಲ. ಸರ್ಕಾರದ ಗುರುತಿನ ಚೀಟಿಯನ್ನು ಕೊಟ್ಟರು. ಅದರ ಮೇಲೂ ಇರುವುದಿಲ್ಲ. ಅವೆರಡರ ಮೇಲೂ ಇದ್ದದ್ದು ವಿದೇಶಿ ಪದಗಳಿಗೆಂದೇ ಇರುವ ಲಿಪಿಯಲ್ಲಿ ಬರೆದ ಅವರ ಹೆಸರು, ಮತ್ತೆ ಅವರ ಮುಖ.

ಹೆಣ್ಣುಮಗಳು ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದಳು. ಈಗ ಎಲ್ಲ ಕಡೆ ವಿಚಾರಣೆ ಹೆಚ್ಚಾಗಿದೆ, ಮನೆ ಮಾಲೀಕರು ಹೆದರುತ್ತಾರೆ, ಆಮೇಲೆ ನಮ್ಮ ಮೇಲೆ ಮಾತು ಬರಬಾರದಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ ಎಂದು ಮತ್ತೆ ಮತ್ತೆ ಬಾಗಿದಳು. ಮುಕುಂದರಿಗೆ ಕೋಪ ಮಾಡಿಕೊಳ್ಳಲು ಯಾವ ಆಸ್ಪದವನ್ನೂ ಅವಳು ಕೊಡಲಿಲ್ಲ. ಅವರು ಎದ್ದು ಎದುರಿನ ಕೊಂಬಿನಿ ಅಂಗಡಿಗೆ ಹೋದರು. ಅಲ್ಲಿನ ಯಂತ್ರದಲ್ಲಿ ಗುರುತಿನ ಚೀಟಿ ಇಟ್ಟು ಮನೆಮಂದಿಯ ನಿವಾಸ ದಾಖಲೆ ಮುದ್ರಿಸಿಕೊಂಡು ಬಂದರು. ಮೂಲ ವಿಳಾಸವೆಂಬ ಕಡೆ ತಮ್ಮ ವಾರ್ಡ್ ಎದೊಗಾವಾದ ಹೆಸರಿತ್ತು. ಜಪಾನಿನ ಪ್ರಜೆಗೆ ಮಾತ್ರ ಅದು ಇರುವುದು. ಅದನ್ನು ನೋಡಿದ್ದೇ ಹೆಣ್ಣುಮಗಳ ಮುಖ ಅರಳಿತು. ಕೋಣೆ ಸಿಕ್ಕಿತು.

ನಾನು ಹೇಳಿರಲಿಲ್ಲವೇ ಎಂದು ಜಾಹ್ನವಿ ಎಗರಾಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ಎಂದು ಮುಕುಂದರು ಆಮೇಲೆ ನನ್ನ ಬಳಿ ಹೇಳಿದರು. ಅವಳು ಹೊರಗೆ ಬಂದು ಸೈಕಲ್ಲಿನ ಬೀಗ ತೆಗೆಯುತ್ತಾ, ಊಟ ಮಾಡೋಣ್ವಾ ಎಂದಳಷ್ಟೆ. ಅವಳಿಗೆ ಇದು ಹೊಸದಲ್ಲ ಎಂದು ಆಗ ಅವರಿಗೆ ಹೊಳೆಯಿತು. ಊಟದ ನಡುವೆ ಕೇಳಿದರು. ಅರೆಕಾಲಿಕ ಕೆಲಸ ಕೇಳಿಕೊಂಡು ಹೋದ ಕಡೆಯಲ್ಲೆಲ್ಲ ಹೀಗೇ ಆಗಿದೆ ಎಂದು ಹೇಳಿ ಅವಳು ಬೇರೆ ಮಾತಿಗೆ ಹೋದಳು.

ವಾಪಸು ರೈಲಿನಲ್ಲಿ ಅವರ ತಲೆಯಲ್ಲಿ ಸುತ್ತಿದ್ದು ಒಂದೇ ವಿಷಯ. ಆ ಹೆಣ್ಣುಮಗಳು ಏನೂ ತಪ್ಪು ಮಾಡಿರಲಿಲ್ಲ. ತಾನು ಬರೆದದ್ದು ಕಾನೂನಾದರೆ ಪ್ರತಿಯೊಬ್ಬ ಮನೆ ಮಾಲೀಕನೂ ಮಾಡಬೇಕಾದದ್ದು ಅದನ್ನೇ. ಕಾನೂನಿಗೆ ಹೆದರಿದವನು ಮುಖ ನೋಡುತ್ತಾನೆ, ಅವನಿಗೆ ಅದಕ್ಕಿಂತ ಬೇರೆ ದಾರಿ ಇಲ್ಲ. ಹಾಗೆಂದು ಶಿಗೇರು ಸಾನ್‌ಗೆ ಆದದ್ದು ಸುಳ್ಳೇ? ಲೈಸೆನ್ಸಿಲ್ಲದವನ ಕೈಗೆ ಲಾರಿ ಕೊಟ್ಟು, ಅವನು ನಮ್ಮವನಲ್ಲ ಎಂದ ಆ ಗುತ್ತಿಗೆದಾರ ಈಗಲೂ ಎಲ್ಲೋ ಮನೆ ಕೆಡವಿಸುತ್ತಿದ್ದಾನೆ. ಕಾನೂನು ಬೇಡ ಎನ್ನಲು ಅವರ ಮನಸ್ಸು ಒಪ್ಪಲಿಲ್ಲ. ಇದೇ ಕಾನೂನು ಬೇಕು ಎನ್ನಲೂ ಒಪ್ಪಲಿಲ್ಲ.

ಮಾಲತಿಗೆ ಎಲ್ಲ ಹೇಳಿದಾಗ ಅವರು ಕೇಳಿಸಿಕೊಂಡು, ತಮ್ಮ ಪರ್ಸಿನಿಂದ ವಾಸದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು.

“ನಂಗೆ ತೋರ್ಸೋಕೆ ಇದಾದ್ರೂ ಇದೆ ರೀ. ನಿಮ್ಗೆ ಅದೂ ಇಲ್ಲ.”

ಅವರು ಚುಚ್ಚಲು ಹೇಳಿದ್ದಲ್ಲ. ಇಬ್ಬರಿಗೂ ನಗು ಬಂತು. ಆಮೇಲೆ ನಗು ನಿಂತಿತು.

ಮರುದಿನ ಸಂಜೆ ಮುಕುಂದರು ಒಕುಯಾಮಾ ಅವರ ಮನೆಗೆ ಹೋದರು. ಬಾಡಿಗೆಯ ಮಾತನ್ನು ಮನವಿಯಿಂದ ತೆಗೆಯೋಣ, ಕೆಲಸಕ್ಕೆ ಹಚ್ಚುವವರ ಮೇಲೆ ಮಾತ್ರ ಬಿಗಿ ಮಾಡೋಣ, ಅದನ್ನೂ ವಿದೇಶಿಯರಿಗೆಂದು ಬೇರೆ ಮಾಡದೆ ಎಲ್ಲ ಕೆಲಸಗಾರರ ದಾಖಲೆ ನೋಡಬೇಕೆಂದು ಬರೆಯೋಣ ಎಂದು ಕೇಳಿಕೊಂಡರು. ತ್ಸುಕುಬಾದಲ್ಲಿ ಆದದ್ದನ್ನೂ ಹೇಳಿದರು.

ಫುಮಿಯೆ ಸಾನ್ ಟೀ ಬಗ್ಗಿಸುತ್ತಿದ್ದವರು ಕೈ ನಿಲ್ಲಿಸಿದರು. ಜನ ಸಹಿ ಹಾಕಿರುವುದು ಈ ಮಾತುಗಳಿಗೆ, ಒಂದು ಸಾಲು ತೆಗೆದರೂ ಅಷ್ಟೂ ಸಹಿ ವ್ಯರ್ಥ ಎಂದರು. ಅದು ನಿಜವೇ ಆಗಿತ್ತು.

“ಮುಕುಂದ ಸಾನ್, ನಿಮಗೆ ಆ ಕಚೇರಿಯಲ್ಲಿ ಅರ್ಧ ಗಂಟೆ ಕಷ್ಟವಾಯಿತು. ಅದಕ್ಕೆ ನನಗೆ ಬೇಸರವಿದೆ. ಆದರೆ ನನ್ನ ಗಂಡ ಪ್ರತಿ ದಿನ ಮೆಟ್ಟಿಲು ಹತ್ತುವುದನ್ನು ನಾನು ನೋಡುತ್ತಿದ್ದೇನೆ.”

ಆಗ, ಅಲ್ಲಿಯವರೆಗೆ ಕಿಟಕಿಯ ಹತ್ತಿರ ಸುಮ್ಮನೆ ಕೂತಿದ್ದ ಶಿಗೇರು ಸಾನ್ ಬಾಯಿ ತೆರೆದರು. ಮಾತು ಕಡಿಮೆಯ ಮನುಷ್ಯ. ಅಪಘಾತದ ದಿನದ ಬಗ್ಗೆ ಅವರು ಮಾತಾಡಿದ್ದನ್ನು ಮುಕುಂದರು ಕೇಳಿಯೇ ಇರಲಿಲ್ಲ.

“ಆ ಹುಡುಗ ಓಡುವ ಮುಂಚೆ ತನ್ನ ಜಾಕೆಟ್ ಬಿಚ್ಚಿ ನನ್ನ ತಲೆಯ ಕೆಳಗೆ ಇಟ್ಟ. ನಡುಗುತ್ತಿದ್ದ. ನನಗೆ ಸಿಗಬೇಕಾಗಿರುವುದು ಅವನಲ್ಲ, ಅವನನ್ನು ಕಳಿಸಿದವನು.”

“ಓಡಿದ್ದು ಓಡಿದ್ದೇ,” ಎಂದರು ಫುಮಿಯೆ ಸಾನ್.

“ಹೌದು. ಓಡಿದ,” ಎಂದರು ಗಂಡ.

ಟೀ ಕುಡಿದು ಮುಕುಂದರು ಎದ್ದು ಬಂದರು. ಆ ವಾರವೇ ಅವರು ಮುಂದಾಳುಗಳ ಸಾಲಿನಿಂದ ತಮ್ಮ ಹೆಸರನ್ನು ತೆಗೆಸಿದರು. ಫುಮಿಯೆ ಸಾನ್ ಆಕ್ಷೇಪಿಸಲಿಲ್ಲ, ಒಪ್ಪಿಗೆಯನ್ನೂ ಹೇಳಲಿಲ್ಲ. ಬೀದಿಯಲ್ಲಿ ಎದುರಾದರೆ ತಲೆ ಬಾಗಿಸುತ್ತಿದ್ದರು, ಆದರೆ ನಿಂತು ಮಾತಾಡುತ್ತಿರಲಿಲ್ಲ. ಸಹಿ ಅಭಿಯಾನದಲ್ಲಿದ್ದ ಉಳಿದವರಲ್ಲಿ ಕೆಲವರು, ಎಷ್ಟಾದರೂ ಅವನೂ ಹೊರಗಿನವನೇ ಎಂದು ಆಡಿಕೊಂಡರೆಂದು ಕಿವಿಗೆ ಬಿತ್ತು. ನಿಶಿ ಕಸಾಯಿಯ ಕಡೆಯೂ ಅವರನ್ನು ಮತ್ತೆ ಅಕ್ಕರೆಯಿಂದ ಬರಮಾಡಿಕೊಂಡವರು ಹೆಚ್ಚಿಲ್ಲ. ಆ ತಿಂಗಳುಗಳಲ್ಲಿ ಅವರು ಎರಡೂ ಕಡೆಯವರಿಗೆ ಬೇಡವಾದಂತಿದ್ದರು. ನಾನು ನೋಡಿದಾಗಲೆಲ್ಲ ಸ್ವಲ್ಪ ಇಳಿದುಹೋದಂತೆ ಕಾಣುತ್ತಿದ್ದರು.

ಆದರೂ ಅವರು ಸುಮ್ಮನೆ ಕೂರಲಿಲ್ಲ. ತಾವೊಬ್ಬರೇ ಇನ್ನೊಂದು ಮನವಿ ಬರೆದರು. ಕೆಡವುವ, ಕಟ್ಟುವ ಕೆಲಸದಲ್ಲಿ ಯಾರನ್ನೇ ಲಾರಿಯಲ್ಲಿ ಕೂರಿಸುವ ಮೊದಲು ಅವನ ಲೈಸೆನ್ಸೂ ಕೆಲಸ ಮಾಡುವ ಹಕ್ಕೂ ನೋಡಬೇಕು, ಮೇಲಿನ ಗುತ್ತಿಗೆದಾರನೇ ಅದಕ್ಕೆ ಹೊಣೆ, ಅಪಘಾತವಾದರೆ ಅವನು ನಮ್ಮವನಲ್ಲ ಎನ್ನುವಂತಿಲ್ಲ. ಬರಹ ಚಿಕ್ಕದಾಗಿತ್ತು. ಮತ್ತೆ ಅದೇ ಸ್ಟೇಷನ್ನಿನ ಮುಂದೆ, ಈ ಸಲ ಒಬ್ಬರೇ ನಿಂತರು. ಬ್ಯಾನರ್ ಇಲ್ಲದ್ದರಿಂದ ಜನ ನಿಲ್ಲುತ್ತಿದ್ದುದೂ ಕಡಿಮೆ. ಹೃಷಿಕೇಶ ಅಂಗಡಿಯಲ್ಲಿ ಒಂದು ಹಾಳೆ ಇಟ್ಟುಕೊಂಡ. ಜಾಹ್ನವಿ ತ್ಸುಕುಬಾದಿಂದ ಬಂದು ಪೂರ್ತಿ ಓದಿ, ಒಂದು ಕಡೆ ಜಪಾನಿ ತಿದ್ದಿ, ಆಮೇಲೆ ಸಹಿ ಹಾಕಿದಳು. ಶಿಗೇರು ಸಾನ್ ಊರುಗೋಲಿನೊಂದಿಗೆ ಸ್ಟೇಷನ್ನಿಗೇ ಬಂದು ಸಹಿ ಮಾಡಿ ಹೋದರು. ಹೆಂಡತಿಗೆ ಹೇಳಿ ಬಂದಿರಾ ಎಂದು ಮುಕುಂದರು ಕೇಳಲಿಲ್ಲ.

ಫುಮಿಯೆ ಸಾನ್ ತಮ್ಮ ಮನವಿಯನ್ನು ಸಲ್ಲಿಸುವ ದಿನ ಬಂತು. ಸಹಿಯ ಕಾಗದಗಳ ಪೆಟ್ಟಿಗೆಗಳು ಭಾರವಾಗಿದ್ದವು, ಬರುತ್ತೇನೆಂದಿದ್ದವರು ಬರಲಿಲ್ಲ. ವಿಷಯ ತಿಳಿದು ಮುಕುಂದರು ಅವರ ಬಾಗಿಲಿಗೆ ಹೋಗಿ ಪೆಟ್ಟಿಗೆ ಎತ್ತಿಕೊಂಡರು.

“ನೀವು ಇದನ್ನು ಒಪ್ಪುವುದಿಲ್ಲವಲ್ಲ,” ಎಂದರು ಆಕೆ.

“ಒಪ್ಪುವುದಿಲ್ಲ. ಆದರೆ ಸಲ್ಲಿಸುವುದು ನಿಮ್ಮ ಹಕ್ಕು,” ಎಂದರು ಮುಕುಂದರು.

ವಿಧಾನಸಭೆ ಇರುವ ಶಿಂಜುಕುವಿನವರೆಗೂ ಸಬ್‌ವೇಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಹೋದರು. ದಾರಿಯಲ್ಲಿ ಆಕೆ ಜಾಹ್ನವಿಯ ಕೋಣೆಯ ಬಗ್ಗೆ ಕೇಳಿದರು. ಬಿಸಿಲು ಬೀಳುತ್ತದೆಯೇ, ಹಾಸಿಗೆ ಒಣಗಿಸಲು ಜಾಗ ಇದೆಯೇ ಎಂದು. ಸ್ವಲ್ಪ ಹೊತ್ತಿನ ನಂತರ, ಆ ಕಚೇರಿಯ ಹುಡುಗಿ ನಿಮ್ಮ ಮಗಳ ಎದುರೇ ಹಾಗೆ ಕೇಳಿದಳೇ ಎಂದರು. ಹೌದೆಂದಾಗ ತುಟಿ ಬಿಗಿದು ಕಿಟಕಿಯ ಕಡೆ ತಿರುಗಿದರು.

ಫಲಿತಾಂಶಕ್ಕೆ ಎಷ್ಟೋ ತಿಂಗಳು ಕಾಯಬೇಕಾಯಿತು. ಯಾರು ಉಳಿಯಬಹುದು, ಯಾರು ಉಳಿಯಬಾರದು ಎಂಬುದು ಕೇಂದ್ರ ಸರ್ಕಾರಕ್ಕೆ ಬಿಟ್ಟ ವಿಷಯ ಎಂದು ಸಮಿತಿ ಫುಮಿಯೆ ಸಾನ್ ಮನವಿಯನ್ನು ಅಂಗೀಕರಿಸಲಿಲ್ಲ. ಮುಕುಂದರ ಮನವಿಯ ಆಶಯ ಸರಿಯಾಗಿದೆ ಎಂದು ಒಪ್ಪಿತು. ಗುತ್ತಿಗೆದಾರರಿಗೆ ಎಚ್ಚರಿಕೆಯ ಸುತ್ತೋಲೆ ಹೊರಟಿತು. ಕಾನೂನು ಎರಡರಿಂದಲೂ ಬರಲಿಲ್ಲ. ಸುತ್ತೋಲೆಗೆ ಯಾವ ಗುತ್ತಿಗೆದಾರ ಹೆದರುತ್ತಾನೆ ಎಂದು ಫುಮಿಯೆ ಸಾನ್ ಹೇಳಿದರು. ಮುಕುಂದರೂ ಅದನ್ನು ಅಲ್ಲಗಳೆಯಲಿಲ್ಲ. ಆಕೆ ಈಗ ಸಂಸತ್ತಿನ ಕಡೆ ಹೊರಟಿದ್ದಾರೆ. ಹೊಸ ಬರಹದಲ್ಲಿ ಬಾಡಿಗೆಯ ಮಾತು ಇದೆಯೋ ಇಲ್ಲವೋ ಮುಕುಂದರಿಗೆ ಇನ್ನೂ ತೋರಿಸಿಲ್ಲ.

ಆಮೇಲಿನ ಚುನಾವಣೆಯಲ್ಲಿ ವಿದೇಶಿಯರ ವಿಷಯವೇ ಎಲ್ಲರ ಬಾಯಲ್ಲಿತ್ತು. ಮತಗಟ್ಟೆಯಾಗಿದ್ದ ಪ್ರಾಥಮಿಕ ಶಾಲೆಯ ಎದುರಿನ ಹಲಗೆಯ ಮೇಲೆ ಅಭ್ಯರ್ಥಿಗಳ ಪೋಸ್ಟರುಗಳ ಮುಂದೆ ಮುಕುಂದರು ಬಹಳ ಹೊತ್ತು ನಿಂತರು. ಒಬ್ಬರು ಬಾಗಿಲು ಮುಚ್ಚಬೇಕು ಎನ್ನುತ್ತಿದ್ದರು, ಇನ್ನೊಬ್ಬರು ತೊಂದರೆಯೇ ಇಲ್ಲ ಎನ್ನುತ್ತಿದ್ದರು. ಮಾಲತಿಗೆ ಮತವಿಲ್ಲ. ಅವರು ಗೇಟಿನ ಹೊರಗೆ ಛತ್ರಿ ಬಿಡಿಸಿಕೊಂಡು ಬಿಸಿಲಿಗೆ ನಿಂತಿದ್ದರು. ಮುಕುಂದರು ಹೊರಬಂದಾಗ ಯಾರಿಗೆ ಹಾಕಿದಿರಿ ಎಂದು ಕೇಳಿದರು.

“ಪೂರ್ತಿ ಒಪ್ಪೋ ಹಂಗೆ ಯಾರೂ ಇರ್ಲಿಲ್ಲ,” ಎಂದರು ಮುಕುಂದರು. “ಹತ್ತಿರ ಇದ್ದೋರ್ಗೆ ಹಾಕ್ದೆ.”

ಇಬ್ಬರೂ ತರಕಾರಿ ತರಲು ನಿಶಿ ಕಸಾಯಿಯ ಕಡೆ ನಡೆದರು.